ಸೇತುರಾಮನ ಗಟ್ಟಿಮೇಳದ ಬೇಟೆ

ಜಯನಗರದಿಂದ ತಿಲಕ್ ನಗರಕ್ಕೆ ಇಳಿಯುವ ರಸ್ತೆಯಲ್ಲಿ, ಮದುವೆ ಛತ್ರವೊಂದರ ಎದುರಿಗೆ, ಹಿಟ್ಟಿನ ಗಿರಣಿಗೂ ಟೈಲರ್ ಅಂಗಡಿಗೂ ನಡುವೆ ಸಿಕ್ಕಿಕೊಂಡು ‘ಸುನಾದ ರೆಕಾರ್ಡಿಂಗ್ ಸೆಂಟರ್’ ಎಂಬ ಸಾಮ್ರಾಜ್ಯವಿತ್ತು. ವಿಸ್ತೀರ್ಣ ಎರಡು ಮಂಚ ಹಾಕುವಷ್ಟು. ಚಕ್ರವರ್ತಿ ಸೇತುರಾಮ. ವಯಸ್ಸು ಮೂವತ್ತು ದಾಟಿತ್ತು, ಮೈಕಟ್ಟು ಮೈಕ್ ಸ್ಟ್ಯಾಂಡಿನದು, ಮದುವೆ ಆಗಿರಲಿಲ್ಲ. ಚತುರಂಗ ಸೈನ್ಯವೆಂದರೆ ಎರಡು ಜಪಾನಿ ಕ್ಯಾಸೆಟ್ ಡೆಕ್ಕು, ಬಸವನಗುಡಿಯ ಯಾರದೋ ಅಟ್ಟದಿಂದ ಬಿಡಿಸಿ ತಂದ ಹಳೆಯ ಸ್ಪೂಲ್ ರೆಕಾರ್ಡರು, ಮತ್ತು ಬಾಗಿಲಿಗೆ ನೇತುಹಾಕಿದ ಒಂದು ಸ್ಪೀಕರು. ಆ ಸ್ಪೀಕರಿನ ಪ್ರತಾಪ ಮುಂದೆ ಬರುತ್ತದೆ.

ಇದು 1986ರ ಮಾತು. ಆಗ ಜನ ಖಾಲಿ ಕ್ಯಾಸೆಟ್ಟು ತಂದುಕೊಟ್ಟು, ಬೇಕಾದ ಹಾಡುಗಳ ಹೆಸರು ಹೇಳಿ, ವಾರ ಬಿಟ್ಟು ಬಂದು ತೆಗೆದುಕೊಂಡು ಹೋಗುತ್ತಿದ್ದರು. ಒಂದು ಬದಿಗೆ ದೇವರನಾಮ, ಇನ್ನೊಂದು ಬದಿಗೆ ಕ್ಯಾಬರೆ ಹಾಡು. ಮನೆಗೆ ಹಿರಿಯರು ಬಂದರೆ ಥಟ್ಟನೆ ತಿರುಗಿಸಿ ಹಾಕಲು ಅನುಕೂಲ. ಹೀಗೆ ಬೇರೆಯವರ ಹಾಡುಗಳನ್ನು ಬೇರೆಯವರ ಕ್ಯಾಸೆಟ್ಟಿಗೆ ತುಂಬಿಸಿ ತುಂಬಿಸಿ ಸೇತುರಾಮನಿಗೆ ಜೀವನದ ಮೇಲೆ ಒಂದು ಬಗೆಯ ಬೇಸರ ಬಂದಿತ್ತು. ತನ್ನದು ಅಂತ ಒಂದು ಹಾಡು ಬೇಕು. ಆದರೆ ಅವನಿಗೆ ಹಾಡಲು ಬಾರದು. ವಾದ್ಯ ನುಡಿಸಲು ಬಾರದು. ಕವಿತೆ ಅಂತೂ ದೇವರೇ ಗತಿ.

ಅಂಥವನಿಗೆ ಜ್ಞಾನೋದಯ ಮಾಡಿಸಲು ಬಂದವರು ನಾಲ್ಕನೇ ಬ್ಲಾಕಿನ ತಿರುಮಲೇಶ ರಾಯರು. ರಾಯರು ರಿಟೈರ್ಡ್ ಎಂಜಿನಿಯರು. ಅವರ ಷಡ್ಡಕರು ನ್ಯೂಯಾರ್ಕ್ ನೋಡಿಕೊಂಡು ಬಂದಾಗ ಎಲ್ಲರಿಗೂ ಚಾಕಲೇಟು ಕೊಟ್ಟು, ಇವರಿಗೆ ಮಾತ್ರ ಒಂದು ಕ್ಯಾಸೆಟ್ಟು ಕೊಟ್ಟಿದ್ದರು.

“ಇದು ಕೆಟ್ಟುಹೋಗಿದೆ ಕಣಯ್ಯಾ,” ಎಂದು ರಾಯರು ಕ್ಯಾಸೆಟ್ಟನ್ನು ಮೇಜಿನ ಮೇಲೆ ಕುಕ್ಕಿದರು. “ಒಂದೇ ಜಾಗದಲ್ಲಿ ಸಿಕ್ಕಾಕ್ಕೊಂಡು ಬಡ್ಕೊಳತ್ತೆ. ಮೇಲಿಂದ ಯಾವನೋ ಜಗಳ ಆಡ್ತಾನೆ. ಸರಿ ಮಾಡಿಕೊಡು.”

ಸೇತುರಾಮ ಹಾಕಿ ನೋಡಿದ. ಕ್ಯಾಸೆಟ್ಟು ಕೆಟ್ಟಿರಲಿಲ್ಲ. ಯಾವುದೋ ಹಳೆಯ ರೆಕಾರ್ಡಿನಿಂದ ಡ್ರಮ್ಮಿನ ಒಂದು ಚೂರನ್ನು ಕಿತ್ತು, ಅದನ್ನೇ ಮತ್ತೆ ಮತ್ತೆ ತಿರುಗಿಸಿ, ಅದರ ಮೇಲೆ ಇನ್ನಾವುದೋ ರೆಕಾರ್ಡಿನ ತುತ್ತೂರಿಯ ಚೂರನ್ನು ಅಂಟಿಸಿ, ಆ ಬಡಿತಕ್ಕೆ ಸರಿಯಾಗಿ ಒಬ್ಬ ಮನುಷ್ಯ ಮಾತಾಡುತ್ತಿದ್ದ. ಹಾಡುತ್ತಿರಲಿಲ್ಲ. ಮಾತಾಡುತ್ತಿದ್ದ! ಕ್ಯಾಸೆಟ್ಟಿನ ಬೆನ್ನ ಮೇಲೆ ‘ಹಿಪ್ ಹಾಪ್’ ಎಂದು, ಕೆಳಗೆ ಸಣ್ಣಕ್ಷರದಲ್ಲಿ ಆ ಕಿತ್ತ ಚೂರುಗಳಿಗೆ ‘ಸ್ಯಾಂಪಲ್’ ಎಂದು ಬರೆದಿತ್ತು. ಸೇತುರಾಮ ಟೇಪನ್ನು ಹಿಂದಕ್ಕೆ ತಿರುಗಿಸಿ ಮತ್ತೆ ಕೇಳಿದ. ಹಾಡಲು ಬಾರದವನು, ನುಡಿಸಲು ಬಾರದವನು, ಬರೀ ಬ್ಲೇಡು ಮತ್ತು ಅಂಟುಟೇಪು ಇಟ್ಟುಕೊಂಡು ಹಾಡು ಕಟ್ಟಬಹುದು ಎಂದು ಪ್ರಪಂಚದ ಇನ್ನೊಂದು ತುದಿಯಲ್ಲಿ ಯಾರೋ ಆಗಲೇ ತೀರ್ಮಾನ ಮಾಡಿಬಿಟ್ಟಿದ್ದರು, ಇವನಿಗೆ ಒಂದು ಮಾತೂ ತಿಳಿಸದೆ.

ಅಂದೇ ಪ್ರತಿಜ್ಞೆಯಾಯಿತು. ಭೀಷ್ಮ ಮಾಡಿದ್ದಕ್ಕಿಂತ ಒಂದು ಕೂದಲೆಳೆ ಕಮ್ಮಿ.

ಮಾತಾಡುವವನನ್ನು ಹುಡುಕುವುದು ಕಷ್ಟವಾಗಲಿಲ್ಲ. ಗೆಳೆಯ ಸೀನು ಸಿಟಿ ಬಸ್ಸಿನ ಕಂಡಕ್ಟರು. ಬೆಳಗಿನಿಂದ ಸಂಜೆವರೆಗೆ “ಮುಂದ್ ಹೋಗಿ ಮುಂದ್ ಹೋಗಿ, ಬಾಗ್ಲಲ್ಲಿ ನಿಂತ್ರೆ ಬನಶಂಕ್ರಿ ಬರಲ್ಲ, ಚಿಲ್ರೆ ಕೊಡಿ ಚಿಲ್ರೆ ಕೊಡಿ, ನಿಮ್ಮಪ್ಪನ ಗಂಟು ಹೋಗಲ್ಲ” ಎಂದು ಒಂದೇ ಉಸಿರಿನಲ್ಲಿ, ಒಂದೇ ಲಯದಲ್ಲಿ ಹೇಳಿ ಹೇಳಿ ಅವನ ನಾಲಿಗೆ ಹದಕ್ಕೆ ಬಂದಿತ್ತು. ನ್ಯೂಯಾರ್ಕಿನವನು ಇವನ ಬಸ್ಸು ಹತ್ತಿದ್ದರೆ ಬಾಯಿ ಮುಚ್ಚಿಕೊಂಡು ಟಿಕೆಟ್ಟು ತೆಗೆದುಕೊಳ್ಳುತ್ತಿದ್ದ.

“ಮಗಾ, ಇಷ್ಟಕ್ಕೆಲ್ಲ ಹಾಡು ಅಂತಾರಾ?” ಎಂದು ಸೀನು ಕೇಳಿದ.

“ಅಂತಾರೆ.”

“ಹಾಗಾದ್ರೆ ನಾನು ಹಾಡಿರೋದು ಎಷ್ಟಾಯ್ತು ಗುರು! ಯಾವನೂ ಒಂದು ಶಾಲು ಹೊದಿಸಲಿಲ್ವಲ್ಲ!”

ಇನ್ನು ಚೂರುಗಳು. ತಾಯಿ ಲಕ್ಷ್ಮಿದೇವಮ್ಮನವರು ಸಾರಿಗೆ ಹಾಕುವ ಒಗ್ಗರಣೆಯ ಚೊಂಯ್ ಸಿಕ್ಕಿತು. ಹಳೆಯ ನಾಟಕದ ರೆಕಾರ್ಡೊಂದರಿಂದ ಹಾರ್ಮೋನಿಯಮ್ಮಿನ ನಾಲ್ಕು ಸ್ವರ, ಅದೇ ರೆಕಾರ್ಡಿನ ರಾಜನ ಒಂದು ‘ಎಲವೋ’ ಸಿಕ್ಕಿತು. ಸೀನುವಿನ ಸೀಟಿ ಸಿಕ್ಕಿತು. ಟೇಪಿನ ತುಂಡಿನ ತುದಿಗೆ ತುದಿ ಅಂಟಿಸಿದರೆ ಬಳೆಯಂತಾಗುತ್ತದೆ, ಸ್ಪೂಲ್ ರೆಕಾರ್ಡರಿಗೆ ಹಾಕಿದರೆ ಅದೇ ಚೂರು ಸುತ್ತುತ್ತಲೇ ಇರುತ್ತದೆ ಎಂದು ಸೇತುರಾಮ ತಾನೇ ಕಂಡುಹಿಡಿದ. ಉದ್ದನೆಯ ಬಳೆ ಜೋತುಬೀಳದಂತೆ ಅದನ್ನು ಕಿಟಕಿಯ ಸರಳಿಗೂ ಮೇಜಿನ ಮೇಲಿನ ನೀರಿನ ಚೊಂಬಿಗೂ ಸುತ್ತಿಸಿದ. ವಿಜ್ಞಾನ ಇಲ್ಲಿಯವರೆಗೆ ಬಂದಾಗ ಪಕ್ಕದ ಟೈಲರು ಒಳಗೆ ಬಂದು, “ಬಾಯಾರಿಕೆ ಸಾರ್,” ಎಂದು ಚೊಂಬು ಎತ್ತಿಕೊಂಡು ಗಟಗಟ ಕುಡಿದ. ಒಂದು ವಾರದ ಹಾರ್ಮೋನಿಯಂ ರೆಕಾರ್ಡರಿನ ಹೊಟ್ಟೆಯೊಳಗೆ ಶಾವಿಗೆಯಾಯಿತು.

ಸೇತುರಾಮ ಮತ್ತೆ ಕತ್ತರಿಸಿದ, ಮತ್ತೆ ಅಂಟಿಸಿದ. ಆದರೆ ಅಸಲು ಕೊರತೆ ಬೇರೆಯೇ ಇತ್ತು. ನ್ಯೂಯಾರ್ಕಿನ ಹಾಡಿಗೆ ಬೆನ್ನೆಲುಬು ಆ ಡ್ರಮ್ಮಿನ ಚೂರು. ಹಾಡಿನ ನಡುವೆ ಎಲ್ಲ ವಾದ್ಯಗಳೂ ಸುಮ್ಮನಾಗಿ ತಾಳವೊಂದೇ ಮೈದುಂಬಿ ಎದ್ದೇಳುವ ಘಳಿಗೆ. ನಮ್ಮಲ್ಲಿ ಅಂಥದ್ದು ಏನಿದೆ ಎಂದು ಅವನು ತಲೆ ಕೆಡಿಸಿಕೊಂಡು ಕೂತಿದ್ದಾಗ ಎದುರಿನ ಛತ್ರದಲ್ಲಿ ತಾಳಿ ಕಟ್ಟಿದರು. ಪುರೋಹಿತರ ಕೈ ಮೇಲೆದ್ದಿತು. ಅಲ್ಲಿಯವರೆಗೆ ಆರಾಮಾಗಿ ರಾಗ ಎಳೆಯುತ್ತಿದ್ದ ವಾಲಗದವರು ಒಮ್ಮೆಗೇ ಆಕಾಶ ಬಿದ್ದ ಹಾಗೆ ಡೋಲು ಬಡಿದರು. ಗಟ್ಟಿಮೇಳ!

ಸೇತುರಾಮ ಕುರ್ಚಿಯಿಂದ ಎದ್ದು ನಿಂತ. ವರ್ಷಗಟ್ಟಲೆ ಎದುರಿನ ಛತ್ರದಿಂದ ಬಿಟ್ಟಿಯಾಗಿ ಕೇಳಿಸುತ್ತಿದ್ದ, ರೆಕಾರ್ಡಿಂಗಿಗೆ ಅಡ್ಡ ಬರುತ್ತದೆ ಎಂದು ಅವನು ಶಾಪ ಹಾಕುತ್ತಿದ್ದ ಆ ಸದ್ದೇ ಅವನ ಹಾಡಿನ ಬೆನ್ನೆಲುಬು.

ಆ ಡೋಲು ಬಾರಿಸುತ್ತಿದ್ದವರು ಚಿಕ್ಕಲಸಂದ್ರದ ಪಾಪಯ್ಯ. ಕಿವಿಯಲ್ಲಿ ಕೆಂಪು ಕಲ್ಲಿನ ಒಂಟಿ, ಬಾಯಲ್ಲಿ ಸದಾ ಎಲೆಅಡಿಕೆ, ಮುಖದಲ್ಲಿ ಪ್ರಪಂಚದ ಮೇಲೆ ಅಸಮಾಧಾನ. ಅವರು ಊಟ ಮುಗಿಸಿ ಛತ್ರದ ಜಗುಲಿಗೆ ಬಂದಾಗ ಸೇತುರಾಮ ಹೋಗಿ ಕೈಮುಗಿದ.

“ಪಾಪಯ್ಯನೋರೇ, ನಮ್ಮ ಅಂಗಡೀಗೆ ಬಂದು ಒಂದೇ ಒಂದು ಗಟ್ಟಿಮೇಳ ಬಾರಿಸಿಬಿಡಿ. ಮಸಾಲೆ ದೋಸೆ, ಕಾಫಿ ನಂದು.”

“ಯಾರ ಮದ್ವೆ ಸ್ವಾಮಿ?”

“ಮದ್ವೆ ಇಲ್ಲ. ರೆಕಾರ್ಡ್ ಮಾಡ್ಕೊಳಕ್ಕೆ.”

ಪಾಪಯ್ಯ ಎಲೆಗೆ ಸುಣ್ಣ ಹಚ್ಚುವುದನ್ನು ನಿಲ್ಲಿಸಿದರು. “ತಾಳಿ ಕಟ್ದೆ ಗಟ್ಟಿಮೇಳನಾ? ನಮ್ಮಪ್ಪ ಇದ್ದಿದ್ರೆ ಈ ಕೋಲಲ್ಲಿ ಡೋಲು ಬಿಟ್ಟು ನಿಮ್ಮನ್ನ ಬಾರಿಸ್ತಿದ್ದ. ಕಲ್ಯಾಣಿ ಕೇಳಿ, ತೋಡಿ ಕೇಳಿ, ಸಿನಿಮಾ ಹಾಡು ಬೇಕಾದ್ರೂ ಕೇಳಿ, ಬಾರಿಸ್ತೀನಿ. ಗಟ್ಟಿಮೇಳ ಮಾತ್ರ ತಾಳಿ ಕುತ್ತಿಗೆ ಮುಟ್ಟಿದ ಮೇಲೇನೇ.”

“ಸುಮ್ನೆ ಶಬ್ದ ಅಲ್ವಾ ಪಾಪಯ್ಯನೋರೇ?”

“ತಾಳೀನೂ ಸುಮ್ನೆ ದಾರ ಅಲ್ವಾ? ಹೋಗಿ, ನೀವೇ ಕಟ್ಕೊಂಡು ಓಡಾಡಿ ನೋಡೋಣ!”

ಹೀಗಾಗಿ ಬೇಟೆ ಶುರುವಾಯಿತು. ಪ್ರಾಣಿ ತಾನಾಗಿ ಬೋನಿಗೆ ಬರುವುದಿಲ್ಲವೆಂದ ಮೇಲೆ ಕಾಡಿಗೇ ಹೋಗಬೇಕು. ಸೇತುರಾಮ ಬೂದು ಬಣ್ಣದ ಚೀಲದಲ್ಲಿ ಬ್ಯಾಟರಿ ಟೇಪ್ ರೆಕಾರ್ಡರು ಹಾಕಿಕೊಂಡು, ರಜೆಯಿದ್ದ ದಿನ ಸೀನುವನ್ನೂ ಕಟ್ಟಿಕೊಂಡು, ಕರೆಯದ ಮದುವೆಗಳಿಗೆ ಹೋಗತೊಡಗಿದ. ಇದರಲ್ಲಿ ಅಪಾಯವಿರಲಿಲ್ಲ. ಗಂಡಿನವರು ಹೆಣ್ಣಿನ ಕಡೆಯವನು ಅಂದುಕೊಳ್ಳುತ್ತಿದ್ದರು, ಹೆಣ್ಣಿನವರು ಗಂಡಿನ ಕಡೆಯವನು ಅಂದುಕೊಂಡು ಎರಡನೇ ಸಲ ಹೋಳಿಗೆ ಬಡಿಸುತ್ತಿದ್ದರು. ಸೀನು ಮೈ ತುಂಬಿಕೊಂಡ. ಸೇತುರಾಮ ಮಾತ್ರ ಸೊರಗಿದ. ಯಾಕೆಂದರೆ ಗಟ್ಟಿಮೇಳ ಬಾರಿಸುವುದು ಅರೆ ನಿಮಿಷ, ಮತ್ತು ಆ ಅರೆ ನಿಮಿಷಕ್ಕಾಗಿಯೇ ಇಡೀ ಬಳಗ ತನ್ನ ಗಂಟಲನ್ನು ಬೆಳಗಿನಿಂದ ಕಾಪಾಡಿಕೊಂಡು ಬಂದಿರುತ್ತದೆ.

ಮೊದಲನೆಯದಾಗಿ, ಗಟ್ಟಿಮೇಳಕ್ಕೆ ಸನ್ನೆ ಮಾಡಲು ಪುರೋಹಿತರು ಇದ್ದರೂ, ಪ್ರತಿ ಮದುವೆಯಲ್ಲೂ ಒಬ್ಬರು ಸೋದರಮಾವ ಎದ್ದುನಿಂತು “ಗಟ್ಟಿಮೇಳ! ಗಟ್ಟಿಮೇಳ!” ಎಂದು ಕಿರುಚುತ್ತಾರೆ. ಡೋಲು ಶುರುವಾದ ಮೇಲೂ ಕಿರುಚುತ್ತಾರೆ, ಎಲ್ಲಿ ನಿಂತುಹೋಗುತ್ತದೋ ಎಂಬ ಭಯಕ್ಕೆ. ಸೋದರಮಾವ ಇಲ್ಲದ ಮದುವೆಯಲ್ಲಿ ಫೋಟೋದವನು “ಹಾಗೇ ಹಿಡ್ಕೊಳಿ ಸಾರ್, ಕಟ್ಟಬೇಡಿ, ಇಲ್ಲಿ ನೋಡಿ, ನಗಿ” ಎನ್ನುತ್ತಾನೆ. ಉತ್ತರಹಳ್ಳಿಯಲ್ಲಿ ಸಜ್ಜನರೊಬ್ಬರು ಸೇತುರಾಮನ ಕಷ್ಟ ನೋಡಲಾರದೆ ತಾವೇ ಮೈಕು ಹಿಡಿದುಕೊಂಡು ನಿಂತರು. ಡೋಲು ಎದ್ದ ಕೂಡಲೇ ಅದಕ್ಕೆ ಉಫ್ ಉಫ್ ಎಂದು ಊದಿ, ಹಲೋ ಹಲೋ ಎಂದರು. ಬನಶಂಕರಿಯಲ್ಲಿ ಎಲ್ಲವೂ ಸರಿಯಾಯಿತು. ಡೋಲು ಪಾಪಯ್ಯನವರದೇ. ಸೋದರಮಾವ ಕೆಮ್ಮಿನಿಂದ ಮಲಗಿದ್ದ, ಫೋಟೋದವನಿಗೆ ಫ್ಲ್ಯಾಶು ಕೈಕೊಟ್ಟಿತ್ತು. ಸೇತುರಾಮ ಆಟೋದಲ್ಲಿ ಹಾರಿಕೊಂಡು ಅಂಗಡಿಗೆ ಬಂದು, ಬಾಗಿಲು ಹಾಕಿ, ಟೇಪು ತಿರುಗಿಸಿದ. ಡೋಲಿನ ಮಹಾಪೂರದ ನಟ್ಟನಡುವೆ, ಮೈಕಿಗೆ ಅಂಟಿಕೊಂಡು ಕೂತಿದ್ದ ಯಾರೋ ಪುಣ್ಯಾತ್ಮ ಪಕ್ಕದವನನ್ನು ಕೇಳುತ್ತಿದ್ದ: “ಬಿಸಿಬೇಳೆಬಾತೋ? ಪುಳಿಯೋಗರೇನೋ?”

“ಪುಳಿಯೋಗರೆ,” ಎಂದಿತ್ತು ಇನ್ನೊಂದು ಸ್ವರ. “ಬಾತಾಗಿದ್ರೆ ವಾಸನೆ ಬರ್ತಿತ್ತು.”

ಸೇತುರಾಮ ತಲೆಯನ್ನು ಮೇಜಿಗೆ ಕುಟ್ಟಿಕೊಂಡ.

ಆದರೂ ಆ ಟೇಪಿನಲ್ಲಿ ಬಿಸಿಬೇಳೆಬಾತಿಗೂ ಮುಂಚೆ, ಒಂದು ಸಣ್ಣ ಚೂರು ಶುದ್ಧವಾಗಿತ್ತು. ಹಾಡಿಗೆ ಸಾಲದು. ಪ್ರಯೋಗಕ್ಕೆ ಸಾಕು. ಅದನ್ನೇ ಕತ್ತರಿಸಿ ಬಳೆ ಮಾಡಿ ಹಾಕಿದಾಗ ಅಂಗಡಿಯಲ್ಲಿ ಮುಗಿಯದ ಗಟ್ಟಿಮೇಳ ಎದ್ದಿತು. ಅಂದು ಭಾನುವಾರ ಬೆಳಗ್ಗೆ, ರಸ್ತೆಯಲ್ಲಿ ಲಾರಿ ಸದ್ದು. ಅದರ ಮೇಲೆ ಮಾತಾಡಲು ನಿಂತಿದ್ದ ಸೀನುವಿಗೆ ತಾಳ ಕೇಳಿಸಲಿಲ್ಲ. ಅವನು ಕೈಚಾಚಿ ಬಾಗಿಲ ಸ್ಪೀಕರಿನ ಗುಂಡಿಯನ್ನು ಕೊನೆಯವರೆಗೂ ತಿರುಗಿಸಿದ.

ಎದುರಿನ ಛತ್ರದಲ್ಲಿ ಮದುವೆ ನಡೆಯುತ್ತಿತ್ತು. ಮುಹೂರ್ತಕ್ಕೆ ಇನ್ನೂ ಅರ್ಧ ಗಂಟೆಯಿತ್ತು. ಆದರೆ ಅಕ್ಷತೆಯನ್ನು ಆಗಲೇ ಹಂಚಿಯಾಗಿತ್ತು. ಈಗ ಓದುಗರು ಒಂದು ವಿಷಯ ನೆನಪಿಗೆ ತಂದುಕೊಳ್ಳಬೇಕು. ನಮ್ಮ ಮದುವೆಗಳಲ್ಲಿ ಯಾರೂ ತಾಳಿ ಕಟ್ಟುವುದನ್ನು ನೋಡಿ ಅಕ್ಷತೆ ಹಾಕುವುದಿಲ್ಲ. ನೋಡುವುದಕ್ಕೆ ಮುಂದೆ ಫೋಟೋದವನೂ ಹದಿನಾರು ಮಂದಿ ನೆಂಟರೂ ಗೋಡೆ ಕಟ್ಟಿರುತ್ತಾರೆ. ಹಿಂದಿನವರು ಅಕ್ಷತೆಯನ್ನು ಮುಷ್ಟಿಯಲ್ಲಿ ಹಿಡಿದು ಚಿನ್ನದ ರೇಟು, ಸೈಟಿನ ರೇಟು ಮಾತಾಡುತ್ತ ಕೂತು, ಕಿವಿಗೆ ಗಟ್ಟಿಮೇಳ ಬಿದ್ದ ಕೂಡಲೇ ಎದ್ದು ಎಸೆದು, ಮೊದಲ ಪಂಕ್ತಿ ಹಿಡಿಯಲು ಓಡುತ್ತಾರೆ. ಅಂದೂ ಕಿವಿಗೆ ಬಿತ್ತು. ಎದ್ದರು. ಎಸೆದರು. ಓಡಿದರು.

ವಧುವರರ ನಡುವೆ ಅಂತರಪಟವನ್ನೂ ಇನ್ನೂ ಹಿಡಿದಿರಲಿಲ್ಲ, ಅಷ್ಟರಲ್ಲೇ ಅಕ್ಷತೆಯ ಮಳೆ ಸುರಿಯಿತು. ಕನ್ಯಾದಾನದ ಸಂಕಲ್ಪ ಮಾಡುತ್ತಿದ್ದ ಹುಡುಗಿಯ ತಂದೆ ತಲೆಯೆತ್ತಿದರೆ ಛತ್ರದ ಹಾಲ್ ಪೂರ್ತಿ ಖಾಲಿ. ತಾಳಿ ಇನ್ನೂ ತೆಂಗಿನಕಾಯಿಯ ಮೇಲೆ ಭದ್ರವಾಗಿ ಕೂತಿತ್ತು. ಪಾಪಯ್ಯ ಬಾಯಿತುಂಬ ಎಲೆಅಡಿಕೆ ಇಟ್ಟುಕೊಂಡು, ತಾವು ಮುಟ್ಟದ ಡೋಲನ್ನು ಒಮ್ಮೆ, ತಮ್ಮ ಎರಡು ಕೈಗಳನ್ನು ಒಮ್ಮೆ ನೋಡಿಕೊಂಡರು. ಅತ್ತ ಊಟದ ಮನೆಯಲ್ಲಿ ಜನ ಎಲೆಯ ಮುಂದೆ ಕೂತು, “ಬಡಿಸ್ರಪ್ಪಾ, ಮುಹೂರ್ತ ಆಯ್ತಲ್ಲ!” ಎಂದು ಗದ್ದಲವೆಬ್ಬಿಸಿದ್ದರು.

ಛತ್ರದ ಮ್ಯಾನೇಜರು ಗಂಗಯ್ಯ ರಸ್ತೆ ದಾಟಿ ಬಂದರು. ಹಿಂದೆ ಪಾಪಯ್ಯ, ಕೈಯಲ್ಲಿ ಡೋಲಿನ ಕೋಲು.

“ಯಾರ್ರೀ ಅದು ಗಟ್ಟಿಮೇಳ ಹಾಕಿದ್ದು?” ಎಂದರು ಗಂಗಯ್ಯ.

ಸೀನು ತನ್ನ ಕಂಡಕ್ಟರ್ ಬುದ್ಧಿಗೆ ತಕ್ಕಂತೆ ಕಿಟಕಿಯ ಹೊರಗೆ ನೋಡತೊಡಗಿದ.

“ನನ್ ಡೋಲು ಸಾರ್ ಅದು!” ಎಂದು ಪಾಪಯ್ಯ ಕೂಗಿದರು. “ನನ್ ಕೈ ನಂಗ್ ಗೊತ್ತಾಗಲ್ವಾ! ನಾನಿಲ್ಲಿ ಎಲೆ ಅಗೀತಾ ಕೂತಿದೀನಿ, ಅಲ್ಲಿ ನನ್ ಕೈ ಬಾರಿಸ್ತಾ ಐತೆ! ಇದೇನು ಮಾಟಾನಾ, ಮಂತ್ರಾನಾ?”

“ಇದಕ್ಕೆ ಸ್ಯಾಂಪಲ್ ಅಂತಾರೆ ಪಾಪಯ್ಯನೋರೇ,” ಎಂದ ಸೇತುರಾಮ ಮೆಲ್ಲಗೆ.

“ಸ್ಯಾಂಪಲ್ಲಾ? ಈಗ ಪೂರ್ತಿ ಕೊಡ್ತೀನಿ, ಬನ್ನಿ ಈಚೆಗೆ!”

ಆ ಮದುವೆ ಹೇಗೋ ಮುಗಿಯಿತು. ಎರಡನೇ ಸಲ ಅಕ್ಷತೆ ಕಲಸಿದರು. ಉಂಡವರನ್ನು ಆಶೀರ್ವಾದಕ್ಕೆ ಮತ್ತೆ ಎಳೆದು ತಂದರು. ಆದರೆ ಸುದ್ದಿ ನಿಲ್ಲಲಿಲ್ಲ. ಅಡುಗೆಯವರು, ಪುರೋಹಿತರು, ವಾಲಗದವರು ಒಂದೇ ಛತ್ರದಲ್ಲಿ ಇರುವ ಜನವಲ್ಲ. ಇಂದು ಜಯನಗರ, ನಾಳೆ ಜೆ.ಪಿ. ನಗರ. ವಾರ ಕಳೆಯುವುದರೊಳಗೆ ದಕ್ಷಿಣ ಬೆಂಗಳೂರಿನ ಯಾವ ಛತ್ರದ ಬಾಗಿಲಿಗೆ ಬೂದು ಚೀಲ ಕಂಡರೂ, “ಓ, ಅವನು ಬಂದ, ಒಳಗೆ ಬಿಡಬೇಡಿ” ಎನ್ನುವ ಹಾಗಾಯಿತು. ಪನ್ನೀರು ಚಿಮುಕಿಸುವ ಹುಡುಗಿಯರು ಕೂಡ ಅವನನ್ನು ನೋಡಿ ಪನ್ನೀರು ದಾನಿಯನ್ನು ಹಿಂದಕ್ಕೆ ಬಚ್ಚಿಟ್ಟುಕೊಂಡರು.

ಹಾಡು ಮುಕ್ಕಾಲು ಆಗಿ ನಿಂತಿತು. ಬೆನ್ನೆಲುಬಿಲ್ಲದೆ ಒಗ್ಗರಣೆ, ಹಾರ್ಮೋನಿಯಂ, ಎಲವೋ ಎಲ್ಲವೂ ನೆಲದ ಮೇಲೆ ಬಿದ್ದುಕೊಂಡಿದ್ದವು. ಸೇತುರಾಮ ಊಟ ಬಿಟ್ಟ. ಮೈಕ್ ಸ್ಟ್ಯಾಂಡು ಕೂಡ ಇವನ ಮುಂದೆ ಪುಷ್ಟವಾಗಿ ಕಾಣುತ್ತಿತ್ತು. ಬೇರೆಯವರ ಮದುವೆಗೆ ಹೋಗುವಂತಿಲ್ಲ. ಹೋದರೂ ಜನರ ಬಾಯಿ ಮುಚ್ಚಿಸುವ ಅಧಿಕಾರವಿಲ್ಲ. ಬಾಯಿ ಮುಚ್ಚಿಸುವ ಅಧಿಕಾರ ಇರುವುದು ಯಾರಿಗೆ? ಅವತ್ತು ಬೆಳಗ್ಗೆ ಹಲ್ಲುಜ್ಜುತ್ತಿದ್ದವನು ಬ್ರಷ್ಷನ್ನು ಬಾಯಲ್ಲೇ ಬಿಟ್ಟು ಅಡುಗೆಮನೆಗೆ ಬಂದ.

“ಅಮ್ಮಾ, ಹುಡುಗಿ ನೋಡು.”

ಲಕ್ಷ್ಮಿದೇವಮ್ಮನವರ ಕೈಯಿಂದ ಸೌಟು ಬಿತ್ತು. ಆರೇಳು ವರ್ಷಗಳಿಂದ ಅವರು ಎತ್ತಿದ ಮಾತನ್ನೆಲ್ಲ ಮಗ ಹೆಡ್‌ಫೋನ್ ಹಾಕಿಕೊಂಡು ಕೇಳಿಸಿಕೊಳ್ಳದೆ ಬಂದಿದ್ದ. “ಯಾವ ಹುಡುಗೀನೋ?”

“ಯಾರಾದ್ರೂ ಪರವಾಗಿಲ್ಲ. ನೆಂಟರು ಮಾತ್ರ ಮೆತ್ತಗಿರಬೇಕು.”

“ಬಡವರಾ?”

“ಬಡವರಲ್ಲಮ್ಮ. ಮೆತ್ತಗೆ ಮಾತಾಡೋರು.”

ಅವರು ಮಗನ ಹಣೆ ಮುಟ್ಟಿ ನೋಡಿದರು. ಜ್ವರವಿರಲಿಲ್ಲ. ಅಂದೇ ಹುಡುಕಾಟ ಶುರುವಾಯಿತು.

ಬನಶಂಕರಿಯ ಗೌರೀಶಂಕರ ಅವರ ಮಗಳು ವಾರಿಜಾ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರು. ಹುಡುಗಿ ನೋಡಲು ಹೋದಾಗ ಗೌರೀಶಂಕರರು ಗಂಟಲು ಸರಿಮಾಡಿಕೊಂಡು, “ನಿಮ್ಮ ಬೇಡಿಕೆ ಏನಿದ್ರೂ ಹೇಳಿಬಿಡಿ,” ಎಂದರು.

“ವಾಚು, ಸೂಟು, ಏನೂ ಬೇಡ ಸಾರ್,” ಎಂದ ಸೇತುರಾಮ. “ಗಟ್ಟಿಮೇಳದ ಹೊತ್ತಲ್ಲಿ ನಿಮ್ಮ ಕಡೆಯೋರು ಯಾರೂ ಉಸಿರೆತ್ತಬಾರದು. ಅಷ್ಟೇ.”

ಗೌರೀಶಂಕರರು ಲಕ್ಷ್ಮಿದೇವಮ್ಮನವರ ಕಡೆ ಬಾಗಿ, “ಹುಡುಗನಿಗೆ ಕಿವಿ ಏನಾದ್ರೂ ತೊಂದರೆ ಇದೆಯಾ ಅಮ್ಮ?” ಎಂದು ಪಿಸುಗುಟ್ಟಿದರು.

“ಕಿವಿ ಚೆನ್ನಾಗಿದೆ,” ಎಂದರು ಲಕ್ಷ್ಮಿದೇವಮ್ಮ. “ಮಿಕ್ಕಿದ್ದು ನಂಗೂ ಗೊತ್ತಿಲ್ಲ.”

ಹುಡುಗ ಹುಡುಗಿ ಮಾತಾಡಿಕೊಳ್ಳಲಿ ಎಂದು ಹಿತ್ತಲಿಗೆ ಕಳಿಸಿದರು. ಕರಿಬೇವಿನ ಗಿಡದ ಪಕ್ಕದಲ್ಲಿ ಸೇತುರಾಮ ನ್ಯೂಯಾರ್ಕಿನಿಂದ ಹಿಡಿದು ಪುಳಿಯೋಗರೆಯವರೆಗೆ ಎಲ್ಲವನ್ನೂ ಹೇಳಿದ. ವಾರಿಜಾ ಎಲ್ಲೂ ತಡೆಯದೆ ಕೇಳಿದಳು. ಟ್ರಂಕ್ ಕಾಲ್ ಕೇಳಿ ಕೇಳಿ ಅವಳಿಗೆ ಅಭ್ಯಾಸವಿತ್ತು.

“ನಿಜ ಹೇಳಿ. ನಿಮಗೆ ಬೇಕಾಗಿರೋದು ಹೆಂಡತೀನಾ, ಗಟ್ಟಿಮೇಳಾನಾ?”

ಸೇತುರಾಮ ಸುಳ್ಳು ಹೇಳುವ ಪ್ರಯತ್ನ ಮಾಡಿದ. ಬರಲಿಲ್ಲ. “ಸದ್ಯಕ್ಕೆ... ಗಟ್ಟಿಮೇಳ.”

ವಾರಿಜಾ ನಕ್ಕಳು. “ಹೋದ ತಿಂಗಳು ಬಂದವರು ಸ್ಕೂಟರ್ ಬೇಕು ಅಂದ್ರು. ಅದಕ್ಕೂ ಮುಂಚೆ ಬಂದವರಿಗೆ ಸೈಟೇ ಬೇಕಿತ್ತು. ನೀವು ಕೇಳ್ತಿರೋದು ಅರ್ಧ ನಿಮಿಷ. ನಮ್ಮಪ್ಪಂಗೆ ಇದಕ್ಕಿಂತ ಅಗ್ಗವಾಗಿ ಯಾರೂ ಸಿಗಲ್ಲ. ಆದ್ರೆ ನಮ್ಮ ಸೋದರತ್ತೆ ಪಾರ್ವತಮ್ಮ ಅಂತ ಇದ್ದಾರೆ. ಅವರ ಬಾಯಿ ಎಕ್ಸ್‌ಚೇಂಜಿನವರೆಗೂ ಕೇಳಿಸತ್ತೆ, ಫೋನಿಲ್ದೆ.”

“ಅವರನ್ನ ಕರೀದೇ ಇದ್ರೆ?”

“ಕರೀದಿದ್ರೆ ಇನ್ನೂ ಜೋರು. ಆ ಹೊತ್ತಿಗೆ ಬಾಯಿಗೆ ಮೈಸೂರುಪಾಕು ಕೊಡೋಣ. ಗಟ್ಟೀದು.”

ಆ ಘಳಿಗೆಯಲ್ಲಿ ಸೇತುರಾಮನಿಗೆ ಮೊದಲ ಬಾರಿ, ಗಟ್ಟಿಮೇಳದ ಜೊತೆಗೆ ಸಿಗುವ ಹೆಂಡತಿಯೂ ಪರವಾಗಿಲ್ಲ ಅನ್ನಿಸಿತಂತೆ.

ಮದುವೆಗೆ ಎದುರಿನ ಛತ್ರವನ್ನೇ ಹಿಡಿದರು. ಗಂಗಯ್ಯ ತಕರಾರು ಮಾಡಲಿಲ್ಲ. ಚೀಲ ಹಿಡಿದವನನ್ನು ತಡೆಯಬಹುದು, ಬಾಸಿಂಗ ಕಟ್ಟಿದವನನ್ನು ತಡೆಯಲು ಯಾವ ರೂಲ್ಸೂ ಇರಲಿಲ್ಲ. ಪಾಪಯ್ಯ ಮಾತ್ರ ಮೂರು ಸಲ ಕೇಳಿದರು, “ನಿಜವಾಗ್ಲೂ ತಾಳಿ ಕಟ್ತೀರಾ? ಕುತ್ತಿಗೆಗೆ? ಹೆಣ್ಣಿನ ಕುತ್ತಿಗೆಗೆ?” ಕಟ್ಟುತ್ತೇನೆಂದು ಪ್ರಮಾಣ ಮಾಡಿದ ಮೇಲೆ ವೀಳ್ಯ ತೆಗೆದುಕೊಂಡರು.

ಮೇ ತಿಂಗಳ ಮುಹೂರ್ತ. ಮಂಟಪದ ಮಾವಿನ ತೋರಣದ ನಡುವೆ ಒಂದು ಮೈಕನ್ನು ಗುಟ್ಟಾಗಿ ಇಳಿಬಿಟ್ಟಿದ್ದರು, ಸರಿಯಾಗಿ ಡೋಲಿನ ಮೇಲೆ. ರೆಕಾರ್ಡರಿನ ಮುಂದೆ ಸೀನುವನ್ನು, ಸೀಟಿಯನ್ನು ಮನೆಯಲ್ಲೇ ಬಿಟ್ಟು ಬರುವಂತೆ ಆಣೆ ಹಾಕಿಸಿ ಕೂರಿಸಲಾಗಿತ್ತು. ಅವನ ಕೆಲಸ ಇಷ್ಟೇ: ಸದ್ದು ಹೆಚ್ಚಾಗಿ ಮೀಟರಿನ ಮುಳ್ಳು ಕೆಂಪು ಗೆರೆಯ ಕಡೆಗೆ ಹೋದರೆ ಲೆವೆಲ್ ಗುಂಡಿಯನ್ನು ಸ್ವಲ್ಪ ಇಳಿಸುವುದು. ಕಿರ್‌ಗುಟ್ಟುತ್ತವೆ ಎಂದು ಫ್ಯಾನುಗಳನ್ನು ಆರಿಸಿದರು. ಹಸುಗೂಸುಗಳನ್ನು ತಾಯಂದಿರ ಸಮೇತ ರಸ್ತೆಯಾಚೆ ರೆಕಾರ್ಡಿಂಗ್ ಸೆಂಟರಿನಲ್ಲಿ ಕೂಡಿಹಾಕಿದರು. ಫೋಟೋದವನಿಗೆ ಮಾತಾಡಿದರೆ ಊಟವಿಲ್ಲವೆಂದು ತಿಳಿಸಲಾಯಿತು. ಪುರೋಹಿತರು ಮಂತ್ರವನ್ನು ಮುಂಚೆಯೇ ಹೇಳಿ ಮುಗಿಸಿ, ಬಾಯಿ ಮುಚ್ಚಿ, ಬರೀ ಕೈಯೆತ್ತಲು ಒಪ್ಪಿದರು. ಪಾರ್ವತಮ್ಮನವರ ಬಾಯಿಗೆ ಇಟ್ಟಿಗೆಯಷ್ಟು ದೊಡ್ಡ ಮೈಸೂರುಪಾಕು ಹೋಯಿತು. ಅವರ ಕಣ್ಣುಗಳು ಮಾತ್ರ ಮಾತಾಡುತ್ತಿದ್ದವು.

ಮುಹೂರ್ತ ಬಂದಿತು. ಇಡೀ ಛತ್ರ ಬೆವರು ಸುರಿಸುತ್ತ, ಮುಷ್ಟಿಯಲ್ಲಿ ಅಕ್ಷತೆ ಹಿಡಿದು, ಕಲ್ಲಾಯಿತು. ಸೇತುರಾಮ ತಾಳಿ ಎತ್ತಿಕೊಂಡ. ಪುರೋಹಿತರ ಕೈ ಮೇಲೆದ್ದಿತು.

ಪಾಪಯ್ಯ ಹುಟ್ಟಿದಾಗಿನಿಂದ ಗಟ್ಟಿಮೇಳ ಬಾರಿಸುತ್ತ ಬಂದವರು. ಅದರಲ್ಲಿ ಒಂದನ್ನೂ ಯಾರೂ ಕೇಳಿರಲಿಲ್ಲ. ಎಲ್ಲರೂ ಅದರ ಮೇಲೆ ಕೂಗಿದ್ದರು, ಅದರಡಿಯಲ್ಲಿ ಓಡಿದ್ದರು. ಇಂದು ತಲೆಯೆತ್ತಿ ನೋಡಿದರೆ ನಾನೂರು ಜನ ಉಸಿರು ಬಿಗಿಹಿಡಿದು ಅವರನ್ನೇ ನೋಡುತ್ತಿದ್ದಾರೆ! ಮುದುಕ ಪಾಪಯ್ಯನವರ ಕಣ್ಣಲ್ಲಿ ಏನೋ ಹೊಳೆಯಿತು. ಅವರು ಶಲ್ಯವನ್ನು ಸೊಂಟಕ್ಕೆ ಬಿಗಿದು ಡೋಲಿನ ಮೇಲೆ ಬಿದ್ದರು. ಅಂಥ ಗಟ್ಟಿಮೇಳವನ್ನು ಜಯನಗರ ಅದಕ್ಕೂ ಮುಂಚೆ ಕೇಳಿರಲಿಲ್ಲ, ಆಮೇಲೂ ಕೇಳಲಿಲ್ಲ. ಕಂಬ ನಡುಗಿತು. ತೋರಣದ ಎಲೆ ಉದುರಿತು. ಸೀನು ಬಾಯಿ ಬಿಟ್ಟುಕೊಂಡು ಪಾಪಯ್ಯನವರನ್ನೇ ನೋಡುತ್ತ ಕೂತ. ಅವನೂ ಮನುಷ್ಯನೇ.

ಸೇತುರಾಮ ಒಂದನೇ ಗಂಟು ಹಾಕಿದ. ಎರಡನೇ ಗಂಟು ಹಾಕುತ್ತ, ವಾರಿಜಾಳ ಭುಜದ ಮೇಲಿಂದ ರೆಕಾರ್ಡರಿನ ಕಡೆ ಕಣ್ಣು ಹಾಯಿಸಿದ. ಮುಳ್ಳು ಕೆಂಪು ಗೆರೆಯನ್ನು ದಾಟಿ, ಕೊನೆಯ ಗೋಡೆಗೆ ತಲೆ ಚಚ್ಚಿಕೊಳ್ಳುತ್ತಿತ್ತು.

“ಸೀನೂ! ಲೆವೆಲ್ ಕಮ್ಮಿ ಮಾಡೋ, ಮುಂಡೇದೇ!”

ಇಡೀ ಛತ್ರದಲ್ಲಿ ಕೇಳಿಸಿದ ಒಂದೇ ಒಂದು ಮನುಷ್ಯ ಸ್ವರ ಅದು. ಸೀನು ಬೆಚ್ಚಿ ಗುಂಡಿಯನ್ನು ತಿರುಗಿಸಿದ. ಪಾಪಯ್ಯ ಕೊನೆಯ ಪೆಟ್ಟು ಹಾಕಿದರು. ಕೂಗಿದ್ದು ತಾನೇ ಎಂದು ವರನಿಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಅವನು ಕೈಯಲ್ಲಿ ದಾರ ಹಿಡಿದು ಹಾಗೇ ನಿಂತುಬಿಟ್ಟ.

“ಮೂರನೇ ಗಂಟು ಹಾಕ್ರೀ,” ಎಂದಳು ವಾರಿಜಾ, ತಲೆಯೆತ್ತದೆ. “ಆಮೇಲೆ ಅಳಿ.”

ಅಲ್ಲಿಗೆ ಛತ್ರ ಸ್ಫೋಟಿಸಿತು. ಅಕ್ಷತೆ ಬಿತ್ತು, ನಗು ಬಿತ್ತು, ಪಾರ್ವತಮ್ಮನವರ ಬಾಯಿಂದ ಮೈಸೂರುಪಾಕಿನ ಅರ್ಧ ಭಾಗವೂ ಬಿತ್ತು.

ನಾಗೋಲಿ ಶಾಸ್ತ್ರ ಮುಗಿದ ಮೇಲೆ ಸೇತುರಾಮ ಬಾಸಿಂಗದಲ್ಲೇ ರಸ್ತೆ ದಾಟಿ ಅಂಗಡಿಗೆ ಓಡಿದ. ಟೇಪು ಕೇಳಿದ. ಡೋಲು ದೇವಲೋಕದ್ದು. ಅದರ ಎದೆಯ ಮೇಲೆ, ಅತ್ಯಂತ ಬಲವಾದ ಪೆಟ್ಟಿಗೆ ಸ್ವಲ್ಪವೂ ಬಿಡದಂತೆ ಅಂಟಿಕೊಂಡು, ಅವನದೇ ಕೂಗು. ಬ್ಲೇಡು ಹಾಕಿದರೆ ಕೂಗಿನ ಜೊತೆ ಪೆಟ್ಟೂ ಹೋಗುತ್ತದೆ. ಪೆಟ್ಟು ಉಳಿಸಿದರೆ ಮುಂಡೇದೂ ಉಳಿಯುತ್ತದೆ. ಹಿಂದೆಯೇ ಬಂದಿದ್ದ ಪಾಪಯ್ಯ ಕೈಕಟ್ಟಿ ಕೇಳಿಸಿಕೊಂಡರು.

“ನನ್ನ ಡೋಲಿನ ಮೇಲೆ ಯಾವುದು ಸ್ವಾಮಿ ಈ ಕತ್ತೆ ಸ್ವರ?”

“ಪಾಪಯ್ಯನೋರೇ,” ಸೇತುರಾಮನ ಕಣ್ಣಲ್ಲಿ ನೀರು ತುಂಬಿತ್ತು, “ಇನ್ನೊಂದೇ ಒಂದು ಸಲ ಬಾರಿಸಿ. ಕಾಲಿಗೆ ಬೀಳ್ತೀನಿ.”

“ಬಾರಿಸ್ತೀನಿ. ಇನ್ನೊಂದು ಮದ್ವೆ ಆಗ್ತೀರಾ?”

ಬಾಗಿಲಲ್ಲಿ ವಾರಿಜಾ ನಿಂತಿದ್ದಳು. ಸೇತುರಾಮ ಟೇಪನ್ನು ಡಬ್ಬಿಗೆ ಹಾಕಿ ಮುಚ್ಚಿದ.

ವಾರಗಟ್ಟಲೆ ಅವನು ಆ ಟೇಪನ್ನು ಮುಟ್ಟಲಿಲ್ಲ. ಕೊನೆಗೊಂದು ಸಂಜೆ, ಎಕ್ಸ್‌ಚೇಂಜಿನಿಂದ ಬಂದ ವಾರಿಜಾ ಹೆಡ್‌ಫೋನ್ ಹಾಕಿಕೊಂಡು ಎಲ್ಲ ಚೂರುಗಳನ್ನೂ ಒಂದೊಂದಾಗಿ ಕೇಳಿದಳು.

“ಇದು ಯಾರದು?”

“ಅಮ್ಮನ ಒಗ್ಗರಣೆ.”

“ಈ ಮಾತು ಸೀನು ಅಣ್ಣಂದು. ಡೋಲು ಪಾಪಯ್ಯನೋರದು. ಹಾರ್ಮೋನಿಯಂ ಯಾವುದೋ ನಾಟಕದ ಕಂಪನೀದು. ಇದರಲ್ಲಿ ನಿಮ್ಮದೇನ್ರೀ ಇದೆ?”

“ಕತ್ತರಿಸಿ ಅಂಟಿಸಿದ್ದು ನಾನು.”

“ಅದು ಯಾರಿಗೆ ಕೇಳಿಸತ್ತೆ? ಆ ಕೂಗೊಂದೇ ನಿಮ್ಮದು. ಅದನ್ನೂ ತೆಗೀಬೇಕು ಅಂತ ಹಠ. ಇರಲಿ ಬಿಡಿ. ನಂಗೆ ಅದೇ ಇಷ್ಟ.”

ಅವನು ಒಪ್ಪಿದನೆಂದಲ್ಲ. ಬೇರೆ ದಾರಿಯಿರಲಿಲ್ಲ. ಹಲ್ಲು ಕಚ್ಚಿಕೊಂಡು ಗಟ್ಟಿಮೇಳವನ್ನು ಕೂಗಿನ ಸಮೇತ ಬಳೆ ಮಾಡಿ ಸುತ್ತಿಸಿದ. ಒಗ್ಗರಣೆ ಸೇರಿಸಿದ, ಎಲವೋ ಸೇರಿಸಿದ, ಮೇಲೆ ಸೀನು ಮುಂದ್ ಹೋಗಿ ಮುಂದ್ ಹೋಗಿ ಎಂದ. ಹಾಡು ಮುಗಿಯಿತು. ಕ್ಯಾಸೆಟ್ಟುಗಳ ಮೇಲೆ ಸೇತುರಾಮ ತನ್ನ ಕೈಯಾರೆ ‘ಗಟ್ಟಿಮೇಳ’ ಎಂದು ಬರೆದು ಅಂಗಡಿಯ ಮುಂದೆ ಸಾಲಾಗಿ ಜೋಡಿಸಿದ.

ಆ ಹೆಸರಿನಿಂದ ಅದನ್ನು ಯಾರೂ ಕೇಳಲಿಲ್ಲ. “ಸಾರ್, ಲೆವೆಲ್ ಸಾಂಗ್ ಇದೆಯಾ?” ಎಂದೇ ಕೇಳಿಕೊಂಡು ಬಂದರು. ಬ್ರೇಕ್ ಡ್ಯಾನ್ಸ್ ಆಡುವ ಹುಡುಗರು ಬಂದರು, ಆಟೋದವರು ಬಂದರು, ಬಿ.ಟಿ.ಎಂ. ಲೇಔಟಿನಿಂದ ಬೀಗರ ಸಮೇತ ಒಂದು ಸಂಸಾರವೇ ಬಂದಿತು. ಸೀನುವಿನ ಬಸ್ಸಿನಲ್ಲಿ ಡ್ರೈವರು ಜೋರಾಗಿ ಹೋದರೆ ಹಿಂದಿನ ಸೀಟಿನವರು “ಲೆವೆಲ್ ಕಮ್ಮಿ ಮಾಡೋ!” ಎಂದು ಕೂಗತೊಡಗಿದರು. ಸೇತುರಾಮ ಕೊಳ್ಳಲು ಬಂದ ಪ್ರತಿಯೊಬ್ಬರನ್ನೂ ನಿಲ್ಲಿಸಿಕೊಂಡು, ಕೆಳಗಿನ ಡೋಲನ್ನು ಗಮನಿಸಿ ಎಂದು ಬೇಡಿಕೊಳ್ಳುತ್ತಿದ್ದ. ಫ್ಯಾನು ಆರಿಸಿದ್ದು, ನಾನೂರು ಜನ ಉಸಿರು ಹಿಡಿದದ್ದು, ಪಾಪಯ್ಯ ಶಲ್ಯ ಬಿಗಿದದ್ದು, ಎಲ್ಲವನ್ನೂ ವಿವರಿಸುತ್ತಿದ್ದ. ಅವರು ವಿನಯದಿಂದ ತಲೆಯಾಡಿಸಿ ಕೇಳಿ, ಚಿಲ್ಲರೆ ಜೇಬಿಗೆ ಹಾಕಿಕೊಳ್ಳುತ್ತ ಕೊನೆಗೆ ಅದೇ ಪ್ರಶ್ನೆ ಕೇಳುತ್ತಿದ್ದರು.

“ಅದು ಸರಿ ಸಾರ್, ಮಧ್ಯದಲ್ಲಿ ಕೂಗ್ತಾನಲ್ಲ, ಅವನ್ಯಾರು? ಸಖತ್ತಾಗಿ ಕೂಗಿದಾನೆ!”

ಒಳಗಿನಿಂದ ವಾರಿಜಾಳ ಸ್ವರ ಬರುತ್ತಿತ್ತು: “ಹೇಳ್ರೀ!”

ಸೇತುರಾಮ ಬ್ಲೇಡಿನ ಅಂಚನ್ನು ಅಂಗಿಗೆ ಒರೆಸುತ್ತ, ಛತ್ರದ ಕಡೆ ಮುಖ ತಿರುಗಿಸಿ ಹೇಳುತ್ತಿದ್ದ, “ಗೊತ್ತಿಲ್ಲಪ್ಪ. ಯಾವನೋ ಹೆಣ್ಣಿನ ಕಡೆಯೋನು.”